ಮಾಳವಿಕಾ ಹೆಗ್ಡೆ ಕತೆಯಲ್ಲಿ ಬಿಟ್ಟುಹೋದ ಲೆಕ್ಕ

ಕಾಫಿ ಡೇ ಕತೆ ನಮ್ಮ ಪುಣೆಯ ಕನ್ನಡ ಗುಂಪಿನಲ್ಲಿ ವರ್ಷಕ್ಕೆರಡು ಸಲವಾದರೂ ಸುತ್ತು ಹಾಕುತ್ತದೆ. ಗಂಡ ತೀರಿಹೋದ, 7,000 ಕೋಟಿ ಸಾಲ, ಹೆಂಡತಿ ಒಬ್ಬಳೇ ನಿಂತು ತೀರಿಸಿದಳು. ಓದಿದವರೆಲ್ಲ ಕೈ ಮುಗಿಯುವ ಚಿತ್ರ ಹಾಕುತ್ತಾರೆ. ನನ್ನ ತಕರಾರು ಇಂಥ ಬರವಣಿಗೆಯ ಮೇಲೆ, ಮಾಳವಿಕಾ ಅವರ ಮೇಲಲ್ಲ.

ತಾರೀಖು ನೋಡಿ. ಸಿದ್ಧಾರ್ಥ ಅವರು ಮೈಂಡ್‌ಟ್ರೀ ಷೇರುಗಳನ್ನು ಎಲ್ ಆಂಡ್ ಟಿಗೆ ಮಾರಿದ್ದು 2019ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು. ಆಮೇಲೆ ಬೆಂಗಳೂರಿನ ಗ್ಲೋಬಲ್ ವಿಲೇಜ್ ಟೆಕ್ ಪಾರ್ಕ್ ಕೂಡ ಬ್ಲಾಕ್‌ಸ್ಟೋನ್ ಕಡೆಗೆ ಹೋಯಿತು. ಮಾಳವಿಕಾ ಸಿಇಒ ಆದದ್ದು 2020ರ ಡಿಸೆಂಬರಿನಲ್ಲಿ. ಸಾಲದ ದೊಡ್ಡ ಪಾಲು ಇಳಿದದ್ದು ಆಸ್ತಿ ಮಾರಿದ್ದರಿಂದ. ಇದನ್ನು ಹೇಳಿದರೆ ಸತಿ ಸಾವಿತ್ರಿ ಕತೆ ಕೆಡುತ್ತದಲ್ಲ!

ಹಾಗಾದರೆ ಆಕೆ ಮಾಡಿದ್ದೇನು? ದೊಡ್ಡ ಆಸ್ತಿಗಳೆಲ್ಲ ಕೈಬಿಟ್ಟ ಮೇಲೆ, ಕೋವಿಡ್ ನಡುವೆ, ಉಳಿದದ್ದನ್ನು ನಡೆಸಿದರು. ಕೆಫೆಗಳು ಮುಚ್ಚುತ್ತಿದ್ದವು, ಸಾಲಗಾರರಿಗೆ ಉತ್ತರ ಕೊಡಬೇಕಿತ್ತು. ಹಳೆಯ ಹಣದ ವ್ಯವಹಾರಕ್ಕೆ 2023ರಲ್ಲಿ ಸೆಬಿ 26 ಕೋಟಿ ದಂಡ ಹಾಕಿತು. ಬೇಸರ ಹಿಡಿಸುವ, ಮುಗಿಯದ ಕೆಲಸ. ನನ್ನ ಮಟ್ಟಿಗೆ ನಾಯಕತ್ವ ಇರುವುದು ಇಲ್ಲೇ, ಆದರೆ ಇದಕ್ಕೆ ಯಾರೂ ಕೈ ಮುಗಿಯುವುದಿಲ್ಲ.

ಮುಳುಗುವ ಹಡಗನ್ನು ಹೆಂಗಸರ ಕೈಗೆ ಕೊಡುವ ಈ ಚಾಳಿಗೆ ರಯಾನ್ ಮತ್ತು ಹ್ಯಾಸ್ಲಂ ಎಂಬ ಸಂಶೋಧಕರು 2005ರಲ್ಲೇ 'ಗ್ಲಾಸ್ ಕ್ಲಿಫ್' ಎಂದು ಹೆಸರಿಟ್ಟರು. ಕೆಂಪಿಗೆ ಬಿದ್ದ ಪ್ರಾಜೆಕ್ಟೊಂದನ್ನು ನಾನೂ ಹೀಗೇ ಒಬ್ಬ ಸಹೋದ್ಯೋಗಿಗೆ ದಾಟಿಸಿದ್ದೆ. ಆಕೆ ಕ್ಲೈಂಟ್ ಜೊತೆ ಜಗ್ಗಾಡಿ ಅರ್ಧ ಸ್ಕೋಪ್ ಕಡಿಸಿ ದಾರಿಗೆ ತಂದರು. ಅಪ್ರೈಸಲ್‌ನಲ್ಲಿ ನಾನು ಬರೆದದ್ದು ಮಾತ್ರ, 'ತುಂಬ ತಾಳ್ಮೆ ಇದೆ' ಅಂತ.