ಕಾರ್ಥೇಜಿನ ಇರುಳು, ಇಂಗ್ಲಿಷಿನಲ್ಲಿ

ಹೆಕ್ಟರ್ ಬೆರ್ಲಿಯೋಜ್‌ನ ‘ಲೇ ತ್ರೊಯೆನ್’ ಒಪೆರಾದ ನಾಲ್ಕನೆಯ ಅಂಕದ ಕೊನೆಗೆ ಒಂದು ಯುಗಳಗೀತೆ ಬರುತ್ತದೆ. ಕಾರ್ಥೇಜಿನ ಕಡಲ ದಂಡೆಯ ತೋಟ, ರಾತ್ರಿ. ರಾಣಿ ಡೈಡೊ ಮತ್ತು ಉರಿದುಹೋದ ಟ್ರಾಯ್‌ನಿಂದ ಬಂದ ಈನಿಯಸ್, ಇಬ್ಬರೇ. ತೂಗಿ ತೂಗಿ ಸಾಗುವ ಆ ಲಯದಲ್ಲಿ ಇಬ್ಬರ ದನಿಗಳೂ ಜೊತೆಗೂಡಿ ಇಳಿಯುವಾಗ, ಪ್ರೇಮಕ್ಕೆ ಇದಕ್ಕಿಂತ ಚೆಲುವಾದ ಸಂಗೀತ ಒಪೆರಾದಲ್ಲಿ ಇದೆಯೆಂದು ನನಗೆ ಅನ್ನಿಸುವುದಿಲ್ಲ.

ಒಪೆರಾದ ಕಥೆ ವರ್ಜಿಲನದು. ಆದರೆ ಈ ಹಾಡಿನ ಸಾಹಿತ್ಯದ ಬೇರು ಷೇಕ್ಸ್‌ಪಿಯರ್‌ನಲ್ಲಿದೆ. ‘ವೆನಿಸ್ಸಿನ ವರ್ತಕ’ದ ಐದನೆಯ ಅಂಕದಲ್ಲಿ ಲೊರೆಂಜೊ ಮತ್ತು ಜೆಸಿಕಾ ಬೆಳದಿಂಗಳಲ್ಲಿ ಕೂತು, ಇಂಥದ್ದೇ ರಾತ್ರಿಗಳಲ್ಲಿ ಹಿಂದಿನ ಪ್ರೇಮಿಗಳು ಏನೇನು ಮಾಡಿದರೆಂದು ಸರದಿಯಂತೆ ಹೇಳುತ್ತಾ ಒಬ್ಬರನ್ನೊಬ್ಬರು ಕೆಣಕುತ್ತಾರಲ್ಲ, ಆ ಸಂಭಾಷಣೆಯನ್ನೇ ಬೆರ್ಲಿಯೋಜ್ ಫ್ರೆಂಚ್ ಪದ್ಯವಾಗಿಸಿಕೊಂಡ. 1827ರಲ್ಲಿ ಪ್ಯಾರಿಸ್ಸಿನ ಒದೆಯೋಂ ರಂಗಮಂದಿರದಲ್ಲಿ ಇಂಗ್ಲಿಷ್ ತಂಡವೊಂದರ ‘ಹ್ಯಾಮ್ಲೆಟ್’ ನೋಡಿದಾಗ ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅರ್ಥ ಪೂರ್ತಿ ತಿಳಿಯುವ ಮೊದಲೇ ಷೇಕ್ಸ್‌ಪಿಯರ್‌ಗೂ, ಒಫೀಲಿಯಾ ಆಗಿದ್ದ ಹ್ಯಾರಿಯೆಟ್ ಸ್ಮಿತ್‌ಸನ್‌ಗೂ ಮನಸೋತ. ಆರು ವರ್ಷದ ಮೇಲೆ ಅವಳನ್ನು ಮದುವೆಯೂ ಆದ.

ಷೇಕ್ಸ್‌ಪಿಯರ್‌ನ ಪ್ರೇಮಿಗಳ ಪಟ್ಟಿಯಲ್ಲಿ ಡೈಡೊ ಇದ್ದಾಳೆ: ಕೈಯಲ್ಲಿ ರೆಂಬೆ ಹಿಡಿದು, ಬಿಟ್ಟುಹೋದ ನಲ್ಲನನ್ನು ದಡದಿಂದ ಕರೆಯುತ್ತಿರುವ ಡೈಡೊ. ಬೆರ್ಲಿಯೋಜ್ ಆ ಚಿತ್ರವನ್ನು ಕೈಬಿಟ್ಟ. ಅದು ಅವಳಿಗೆ ಇನ್ನೂ ಒದಗಿಲ್ಲವಲ್ಲ! ಬದಲಿಗೆ ಪಟ್ಟಿಯನ್ನೇ ಅವಳ ಮತ್ತು ಈನಿಯಸ್‌ನ ಬಾಯಿಗೆ ಕೊಟ್ಟ. ವೀನಸ್, ಟ್ರಾಯ್ಲಸ್, ಡಯಾನಾ ಎಲ್ಲರೂ ಆದಮೇಲೆ ಅವಳು ನಗುತ್ತಾ, ಇಂಥ ರಾತ್ರಿಯಲ್ಲೇ ವೀನಸ್ಸಿನ ಮಗ, ಅಂದರೆ ಈನಿಯಸ್ಸೇ, ಡೈಡೊ ರಾಣಿಯ ಒಲವಿಗೆ ತಣ್ಣಗಿದ್ದನಂತೆ ಎಂದು ಹಾಡುತ್ತಾಳೆ. ಅನ್ಯಾಯವಾಗಿ ದೂರಿದ ರಾಣಿಯನ್ನು ಅವನು ಕ್ಷಮಿಸಿದನಂತೆ ಎಂದು ಈನಿಯಸ್ ಉತ್ತರಿಸುತ್ತಾನೆ. ಮುಂದಿನ ಅಂಕದಲ್ಲಿ ಅವನು ಹಡಗು ಹತ್ತುವುದು ನಮಗೆ ಗೊತ್ತು. ಆ ತಮಾಷೆ ಎದೆಗೆ ನಾಟುವುದು ಅದಕ್ಕೇ.

ಇದನ್ನು ಮತ್ತೆ ಇಂಗ್ಲಿಷಿಗೆ ತರುವುದು ಸುಲಭವೆಂದು ತೋರಬಹುದು; ಮೂಲವೇ ಇಂಗ್ಲಿಷಿನಲ್ಲಿದೆಯಲ್ಲ. ಷೇಕ್ಸ್‌ಪಿಯರ್‌ನ ‘ಇಂಥ ರಾತ್ರಿಯಲ್ಲೇ’ ಎಂಬ ಪಲ್ಲವಿಗೆ ಮೊದಲ ಸಲ ಆರು ಅಕ್ಷರ, ಫ್ರೆಂಚ್ ಪಲ್ಲವಿಗೂ ಆರೇ. ಆದರೆ ಫ್ರೆಂಚಿನಲ್ಲಿ ಭಾರವೆಲ್ಲ ಕೊನೆಗೆ ಬರುವ ‘ರಾತ್ರಿ’ಯ ಮೇಲೆ ಇಳಿಯುತ್ತದೆ. ಇಂಗ್ಲಿಷಿನಲ್ಲಿ ರಾತ್ರಿ ನಾಲ್ಕನೆಯ ಅಕ್ಷರಕ್ಕೇ ಬಂದುಹೋಗಿ, ಕೊನೆಯ ಸ್ವರಕ್ಕೆ ಒಂದು ಬಡಪಾಯಿ ಸರ್ವನಾಮ ಉಳಿಯುತ್ತದೆ. ರಾಣಿಯ ಹೆಸರೂ ಹಾಗೆಯೇ: ‘ದಿದೋಂ’ ಎಂಬಲ್ಲಿ ಒತ್ತು ಕೊನೆಗೆ, ‘ಡೈಡೊ’ದಲ್ಲಿ ಮೊದಲಿಗೆ. ಮಾತಿನಲ್ಲಿ ಕೇಳಿಸದ ಫ್ರೆಂಚ್ ಪದಾಂತ್ಯದ ‘ಎ’ ಹಾಡಿನಲ್ಲಿ ಜೀವ ತಳೆದು ತನಗೂ ಒಂದು ಸ್ವರ ಕೇಳುತ್ತದೆ. ಎಷ್ಟೋ ಸಾಲುಗಳು ಮೃದುವಾಗಿ ಜಾರಿ ಮುಗಿಯುವುದು ಅದರಿಂದಲೇ. ಗಿಡ್ಡ, ಗಟ್ಟಿ ಪದಗಳ ಇಂಗ್ಲಿಷಿಗೆ ಆ ಜಾರು ಕಷ್ಟ.

1957ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ಈ ಒಪೆರಾವನ್ನು ಎಡ್ವರ್ಡ್ ಡೆಂಟ್‌ರ ಇಂಗ್ಲಿಷ್ ಅನುವಾದದಲ್ಲಿ ಆಡಿಸಿತು. ಸಂಗೀತ ನಿರ್ದೇಶನ ರಾಫೆಲ್ ಕುಬೆಲಿಕ್‌ರದು, ಈನಿಯಸ್ ಆಗಿ ಜಾನ್ ವಿಕರ್ಸ್. ರಂಗ ನಿರ್ದೇಶಕರು ಷೇಕ್ಸ್‌ಪಿಯರ್ ಪಾತ್ರಗಳಿಗೆ ಹೆಸರಾದ ಜಾನ್ ಗೀಲ್‌ಗುಡ್. ಬೆರ್ಲಿಯೋಜ್‌ನ ಬದುಕಿನಲ್ಲಿ ಈ ಕೃತಿ ಪೂರ್ತಿ ರಂಗಕ್ಕೇರಲೇ ಇಲ್ಲ. 1863ರಲ್ಲಿ ಕೊನೆಯ ಮೂರು ಅಂಕಗಳನ್ನಷ್ಟೇ ಅವನು ಕಂಡ.

ವೇದಿಕೆಯ ಮೇಲೆ ಅನುವಾದದ ಸಾಲುಗಳು ಬೆಳಗುವ ಈ ಕಾಲದಲ್ಲಿ ಇಂಗ್ಲಿಷಿನಲ್ಲೇ ಹಾಡುವುದೇಕೆ? ಆ ಕೆಣಕುವ ಮಾತಿಗಾಗಿ. ಪರದೆಯ ಮೇಲಾದರೆ ಗಾಯಕಿ ಸಾಲು ಮುಗಿಸುವ ಮೊದಲೇ ಸಭೆ ಅದನ್ನು ಓದಿ ನಕ್ಕಿರುತ್ತದೆ. ಕಿವಿಗೇ ಬಿದ್ದರೆ ಮಾತು, ದನಿ, ನಗು ಒಂದೇ ಉಸಿರಿನಲ್ಲಿ ತಲುಪುತ್ತವೆ. ಅದು ಸಾಧ್ಯವಾಗುವುದಾದರೆ ಷೇಕ್ಸ್‌ಪಿಯರ್‌ನ ಪದಗಳನ್ನೂ ಅನುವಾದಕ ಧೈರ್ಯವಾಗಿ ಬಿಟ್ಟುಕೊಡಲಿ. ಇಲ್ಲಿ ಯಜಮಾನಿಕೆ ರಾಗದ್ದು.

ಹಾಡು ಮುಗಿದೊಡನೆ ಮರ್ಕ್ಯುರಿ ದೇವತೆ ಬಂದು, ಈನಿಯಸ್‌ನ ಗುರಾಣಿಗೆ ಬಡಿದು, ಇಟಲಿಯ ಹೆಸರನ್ನು ಮೂರು ಸಲ ಕೂಗುತ್ತಾನೆ. ಫ್ರೆಂಚಿನ ‘ಇತಾಲೀ’ಯಲ್ಲಿ ಕೊನೆಯ ದೀರ್ಘ ಕಡಲಾಚೆಗೆ ಕೈಚಾಚುತ್ತದೆ, ಇಂಗ್ಲಿಷಿನ ‘ಇಟಲಿ’ ಮೊದಲ ಅಕ್ಷರದಲ್ಲೇ ಕುಸಿಯುತ್ತದೆ. ಇಡೀ ಒಪೆರಾವನ್ನು ಇಂಗ್ಲಿಷಿನಲ್ಲಿ ಹಾಡಿದರೂ ಆ ಒಂದು ಪದವನ್ನು ಫ್ರೆಂಚಿನಲ್ಲೇ ಉಳಿಸಿಕೊಳ್ಳಬೇಕೆಂಬುದು ನನ್ನ ಆಸೆ.