ಹಿಡಿತವನ್ನು ಸಡಿಲಿಸುವ ವಿದ್ಯೆ

ಬೆಕ್ಕನ್ನು ಸಾಕಿದವರಿಗೆಲ್ಲ ಚಿರಪರಿಚಿತವಾದ, ಆದರೂ ಎಷ್ಟು ಸಲ ಕಂಡರೂ ಬೇಸರ ಬಾರದ ನೋಟವೊಂದುಂಟು. ಈದು ಎಂಟು ಹತ್ತು ದಿನಗಳಾದ ತಾಯಿಬೆಕ್ಕು, ನಾವು ಹಳೆಯ ಪಂಚೆಯನ್ನು ಹಾಸಿ ಅದಕ್ಕೆಂದೇ ಅಣಿಗೊಳಿಸಿದ್ದ ಬುಟ್ಟಿಯನ್ನು ತ್ಯಜಿಸಿ, ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು, ಅಟ್ಟದ ಮೇಲಕ್ಕೋ ಬೀರುವಿನ ಹಿಂದಕ್ಕೋ ಸಾಗಿಸತೊಡಗುತ್ತದೆ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ಏಳೆಂಬ ಲೆಕ್ಕ ಹೇಗಾದರೂ ಇರಲಿ, ಹಾಸಿಗೆಯ ವಾಸನೆ, ಅಪರಿಚಿತರ ಓಡಾಟ, ಗಂಡುಬೆಕ್ಕಿನ ಸುಳಿವು ಇವುಗಳಲ್ಲಿ ಯಾವುದಾದರೊಂದು ತಾಯಿಗೆ ಸಾಕಷ್ಟು ಕಾರಣವೇ ಸರಿ. ಮರಿಗೆ ಮಾತ್ರ ಅವುಗಳಲ್ಲಿ ಒಂದೂ ತಿಳಿಯದು. ಕಣ್ಣು ಆಗತಾನೇ ತೆರೆಯುತ್ತಿದೆ. ಮೈಯ ಶಾಖವನ್ನು ತಾನಾಗಿ ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ತಾಯಿ ನೆಕ್ಕದಿದ್ದರೆ ಮೂತ್ರವಿಸರ್ಜನೆಯೂ ಆಗದು. ಇಂಥ ಮರಿ, ಇಲಿಯ ಕೊರಳನ್ನು ಮುರಿಯಬಲ್ಲ ಆ ಹಲ್ಲುಗಳು ತನ್ನ ಕತ್ತಿನ ಹಿಂಬದಿಯ ಸಡಿಲ ಚರ್ಮವನ್ನು ಹಿಡಿದೊಡನೆಯೇ, ಹಿಂಗಾಲುಗಳನ್ನು ಮೇಲೆಳೆದುಕೊಂಡು, ಬಾಲವನ್ನು ಹೊಟ್ಟೆಗೆ ಸುತ್ತಿ, ಸದ್ದಿಲ್ಲದೆ ತೂಗಿಕೊಂಡು ಹೋಗುತ್ತದೆ. ವರ್ಣಗಳನ್ನು ಉಚ್ಚರಿಸುವ ಬಗೆಯನ್ನು ಬೋಧಿಸುವ ಪಾಣಿನೀಯ ಶಿಕ್ಷೆಯು, ಮರಿಯನ್ನು ಬೀಳಿಸದೆ, ಹಲ್ಲು ನಾಟಿಸದೆ ಒಯ್ಯುವ ಹೆಣ್ಣುಹುಲಿಯನ್ನು ಮಾದರಿಯಾಗಿ ಕೊಡುತ್ತದೆ. ಅದನ್ನು ಬರೆದವರು ಈ ನೋಟವನ್ನು ಮನವಿಟ್ಟು ನೋಡಿದ್ದಿರಬೇಕು.

ಶ್ರೀವೈಷ್ಣವರಲ್ಲಿ ಇದು ಶರಣಾಗತಿಯ ದೃಷ್ಟಾಂತವೇ ಆಯಿತು. ಭಗವಂತನ ಕೃಪೆ ನಿರ್ಹೇತುಕವಾದುದು, ಜೀವನು ಮಾಡತಕ್ಕದ್ದೇನೂ ಇಲ್ಲವೆಂಬ ತೆಂಗಲೆ ಪಂಗಡದವರದು, ತಾಯಿ ಕಚ್ಚಿ ಒಯ್ಯುವ ಬೆಕ್ಕಿನ ಮರಿಯ ಮಾರ್ಜಾಲಕಿಶೋರ ನ್ಯಾಯ. ಕೃಪೆಗೆ ಜೀವನ ಕಡೆಯಿಂದ ಅಲ್ಪವಾದ ನೆವವಾದರೂ ಬೇಕೆಂಬ ವಡಗಲೆ ಪಂಗಡದವರದು, ತಾಯಿಯ ಉದರವನ್ನು ಅವುಚಿಕೊಳ್ಳುವ ಕೋತಿಮರಿಯ ಮರ್ಕಟಕಿಶೋರ ನ್ಯಾಯ. ಮೊದಲನೆಯವರಿಗೆ ಪಿಳ್ಳೈ ಲೋಕಾಚಾರ್ಯರೂ ಎರಡನೆಯವರಿಗೆ ವೇದಾಂತದೇಶಿಕರೂ ಪರಮಪ್ರಮಾಣ. ಪಕ್ಷಪ್ರತಿಪಕ್ಷಗಳ ವಾದವನ್ನು ವಿದ್ವಾಂಸರಿಗೆ ಬಿಟ್ಟು, ಪ್ರಾಣಿಗಳನ್ನು ನೋಡುತ್ತ ಕುಳಿತವನಾಗಿ ನಾನು ಹೇಳಬಲ್ಲುದು ಇಷ್ಟು: ಮರಿಯ ಆ ಸಡಿಲಿಕೆಯನ್ನು ಜಡತೆಯೆಂದು ತಿಳಿಯುವುದು ತಪ್ಪು. ಬೆಳೆದ ಬೆಕ್ಕನ್ನು ಅದೇ ರೀತಿ ಕತ್ತು ಹಿಡಿದು ಎತ್ತಿ ನೋಡಿದವರಿಗೆ (ದಯವಿಟ್ಟು ಯಾರೂ ಎತ್ತಬೇಡಿ, ಅದಕ್ಕೆ ನೋವಾಗುತ್ತದೆ) ಅದರ ಮೈಯೆಲ್ಲ ಬಿಗಿದು, ಉಗುರುಗಳು ಹೊರಚಾಚಿ, ಕಣ್ಣುಗಳಲ್ಲಿ ಭೀತಿ ತುಂಬುವುದು ಕಾಣುತ್ತದೆ. ಹುಟ್ಟಿನೊಡನೆ ಬಂದ ವಿಶ್ವಾಸವು ಹಲ್ಲೂ ಉಗುರೂ ಬಲಿತಂತೆ ಮರೆಯಾಗುತ್ತದೆ. ಮನುಷ್ಯನ ಸ್ಥಿತಿಯೂ ಇದೇ ಆದುದರಿಂದ, ಮರಿಗೆ ಸ್ವಭಾವವಾದುದು ನಮಗೆ ಸಾಧನೆಯಾಗಿ, ಅದೂ ತಡವಾಗಿ ಬರತಕ್ಕದ್ದಾಗಿದೆ.

ಇನ್ನು ಕೋತಿಯ ಮಾತು. ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲುಗಳಲ್ಲಿ ಸ್ವಲ್ಪ ಹೊತ್ತು ಕುಳಿತರೆ, ಎಳೆಯ ಮರಿಯ ಹಿಡಿತ ಸಡಿಲುವಾಗಲೆಲ್ಲ ತಾಯಿ ಒಂದು ಕೈಯನ್ನು ಕೆಳಗೆ ಕೊಟ್ಟು ಆತುಕೊಳ್ಳುವುದು ಕಣ್ಣಿಗೆ ಬೀಳುತ್ತದೆ. ಇತ್ತ ಬೆಕ್ಕಿನ ಕುರುಡು ಮರಿಯಾದರೂ ಶಾಖವನ್ನೂ ಗಂಧವನ್ನೂ ಅನುಸರಿಸಿ ತೆವಳಿ, ಕೆಲವೇ ದಿನಗಳಲ್ಲಿ ತನ್ನದೇ ಆದ ಮೊಲೆಯೊಂದನ್ನು ಗುರುತಿಸಿಕೊಳ್ಳುತ್ತದೆ. ಹಿಡಿಯುವುದೂ ಹಿಡಿಸಿಕೊಳ್ಳುವುದೂ ಎರಡು ಮರಿಗಳಲ್ಲಿಯೂ ಇವೆ.

ಆ ಇಬ್ಬರು ಆಚಾರ್ಯರ ಚರಿತ್ರೆಯೇ ಇದಕ್ಕೆ ಸಾಕ್ಷಿಯೆಂದು ನನಗೆ ತೋರುತ್ತದೆ. 14ನೆಯ ಶತಮಾನದ ಪೂರ್ವಾರ್ಧದಲ್ಲಿ ದಿಲ್ಲಿಯ ಸೇನೆ ಶ್ರೀರಂಗದ ಮೇಲೆ ಬಿದ್ದಾಗ, ಅತಿವೃದ್ಧರಾಗಿದ್ದ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಕೊಂಡೊಯ್ದವರ ಮುಂದಾಳಾಗಿ ಕಾಡುದಾರಿ ಹಿಡಿದು, ಮಾರ್ಗದಲ್ಲಿಯೇ ದೇಹತ್ಯಾಗ ಮಾಡಿದರೆಂದೂ, 1268ರಲ್ಲಿ ಜನಿಸಿದ್ದ ದೇಶಿಕರು ಶ್ರುತಪ್ರಕಾಶಿಕೆಯ ಹಸ್ತಪ್ರತಿಯನ್ನೂ ಅದನ್ನು ರಚಿಸಿದ ಸುದರ್ಶನಸೂರಿಗಳ ಬಾಲಕರಿಬ್ಬರನ್ನೂ ಕಾಪಾಡುವುದಕ್ಕಾಗಿ ಹೆಣಗಳ ನಡುವೆ ನಿಶ್ಚಲರಾಗಿ ಮಲಗಿದ್ದು, ಅನಂತರ ನಮ್ಮ ಕೊಳ್ಳೇಗಾಲದ ಬಳಿಯ ಸತ್ಯಾಗಾಲಕ್ಕೆ ಬಂದು ನೆಲಸಿ, ಅಲ್ಲಿ ಅಭೀತಿಸ್ತವವನ್ನು ರಚಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಬೆಕ್ಕಿನ ಮರಿಯಂತಿರಬೇಕೆಂಬ ಪಕ್ಷದವರು ಆಪತ್ಕಾಲದಲ್ಲಿ ತಾಯಿಬೆಕ್ಕಿನಂತೆ ತಮ್ಮ ಸ್ವಾಮಿಯನ್ನೇ ಒಯ್ದರು. ಕೋತಿಮರಿಯಂತೆ ಹಿಡಿಯಬೇಕೆಂಬವರು ಅಲುಗಾಡದೆ, ದೈವ ಎತ್ತಿದಲ್ಲಿಗೆ ಹೋಗುವವರಾಗಿ ಬಿದ್ದುಕೊಂಡರು.

ಸಾಕುಪ್ರಾಣಿಗಳ ವಿಷಯಕ್ಕೆ ಮೀಸಲಾದ ಈ ಅಂಕಣದಲ್ಲಿ ಆಚಾರ್ಯರನ್ನು ಸ್ಮರಿಸಿದುದಕ್ಕೆ ಕಾರಣವಿದೆ. ನಮ್ಮ ಮನೆಯ ಮುದಿಬೆಕ್ಕಿಗೆ ಮೂತ್ರಪಿಂಡಗಳು ಸೋತವು. ವೃದ್ಧಮಾರ್ಜಾಲಗಳಿಗೆ ಇದು ತೀರ ಸಾಮಾನ್ಯವಾದ ವ್ಯಾಧಿ. ಹಾಳಾದ ಅಂಗ ಮರಳಿ ಬೆಳೆಯುವುದಿಲ್ಲ. ಚರ್ಮದಡಿಯಲ್ಲಿ ದ್ರವವನ್ನು ಏರಿಸುತ್ತ, ಪಥ್ಯದ ಆಹಾರ ಕೊಡುತ್ತ, ಉಳಿದ ಕಾಲವನ್ನು ನೋವಿಲ್ಲದಂತೆ ಕಳೆಯಿಸುವುದಷ್ಟೇ ಚಿಕಿತ್ಸೆ. ಸೂಜಿ ಚುಚ್ಚುವುದು ಅದರ ಹಿತಕ್ಕೆಂದು ಅದಕ್ಕೆ ತಿಳಿಹೇಳುವ ಭಾಷೆ ನನ್ನಲ್ಲಿರಲಿಲ್ಲ. ಮೊದಮೊದಲು ಅದು ಸೆಣಸಿತು. ಬರಬರುತ್ತ, ನನ್ನ ಮಡಿಲಿನಲ್ಲಿ ಗಲ್ಲವನ್ನೂರಿ, ಸೂಜಿ ಇಳಿಯುವವರೆಗೆ ಸುಮ್ಮನಿದ್ದು, ಮುಗಿದೊಡನೆ ನನ್ನ ಕೈಯನ್ನೇ ನೆಕ್ಕುತ್ತಿತ್ತು. ನೋವು ಕೊಡುವ ಕೈಯನ್ನೂ ಅನ್ನವಿಕ್ಕುವ ಕೈಯನ್ನೂ ಒಂದೆಂದು ಅದು ಒಪ್ಪಿಕೊಂಡುದನ್ನು ದಿನವೂ ಕಾಣುತ್ತಿದ್ದಂತೆ, ನನ್ನ ಪಾಲಿಗೆ ಬಂದ ನೋವುಗಳ ವಿಷಯದಲ್ಲಿ ನಾನು ದೇವರೊಡನೆ ನಡಸುತ್ತಿದ್ದ ದೀರ್ಘ ವ್ಯಾಜ್ಯ ನನಗೇ ಅಸಂಗತವೆನಿಸತೊಡಗಿತು.

ಆದರೆ ಬೆಕ್ಕಿಗೆ ನಾನು ಕೊನೆಯ ಆಶ್ರಯವಾಗಲಾರೆ, ವೈದ್ಯರೂ ಆಗಲಾರರು. ರಕ್ಷಣೆಯ ಭಾರವನ್ನು ಭಗವಂತನಲ್ಲಿಟ್ಟು ನಿಶ್ಚಿಂತನಾಗಿರುವುದನ್ನು ದೇಶಿಕರ ಸಂಪ್ರದಾಯದವರು ಭರನ್ಯಾಸವೆನ್ನುತ್ತಾರೆ. ಬಾಲ್ಯದಿಂದ ಕೇಳಿದ್ದ ಆ ಮಾತಿಗೆ ನನ್ನಲ್ಲಿ ಅರ್ಥ ಮೂಡಿದುದು ಆ ದಿನಗಳಲ್ಲಿ. ಔಷಧವನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಭಾರವನ್ನು ಒಪ್ಪಿಸುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದೆಂದು ಯಾವ ಪಂಗಡದವರೂ ಹೇಳಿಲ್ಲ. ಆದರೆ ದೀಪ ಹಚ್ಚಿದ ಮೇಲೆ ಮೇಲುಕೋಟೆಯ ಚೆಲುವನಾರಾಯಣನಲ್ಲಿ ಬೆಕ್ಕನ್ನು ಉಳಿಸಿಕೊಡೆಂದು ಬೇಡುತ್ತಿದ್ದವನು, ಅದು ನಿನ್ನದು, ನಾನೂ ನಿನ್ನವನೇ ಎಂದಷ್ಟೇ ಹೇಳಿ ಮಲಗುವುದನ್ನು ಕಲಿತೆ. ಬೆಕ್ಕು ಉಳಿಯಲಿಲ್ಲ. ನಾನು ಬಹಳ ಅತ್ತೆ. ಆ ಪ್ರಾರ್ಥನೆಯನ್ನು ಮಾತ್ರ ಬದಲಾಯಿಸಲಿಲ್ಲ. ಈಗ ಮನೆಯಲ್ಲಿರುವ ಬೆಕ್ಕುಗಳ ಹೆಸರನ್ನು ಹಿಡಿದೂ ಅದನ್ನೇ ಹೇಳುತ್ತೇನೆ.