ಕಿವಿಯಿಂದ ಪುಸ್ತಕಕ್ಕೆ: ಎಳೆಯ ಓದುಗರನ್ನು ಬೆಳೆಸುವವರಿಗೊಂದು ಕೈಪಿಡಿ

ಮಕ್ಕಳಿಗೆ ಓದಿನ ರುಚಿ ಹತ್ತಬೇಕೆಂದು ಹಂಬಲಿಸುವ ತಾಯ್ತಂದೆಗಳು ಮೊದಲು ಪುಸ್ತಕದ ಅಂಗಡಿಗೆ ಹೋಗುವುದು ಲೋಕರೂಢಿ; ಆದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ವಾಸಿಸುವವರಿಗೆ ಅದಕ್ಕಿಂತ ಸಮೀಪದ ಮಾರ್ಗವೊಂದುಂಟು. ಕಂಸಾಳೆ ಹಿಡಿದು ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರೂ, ತಂಬೂರಿ ಮೀಟುತ್ತ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರೂ ಈ ನೆಲದಲ್ಲಿ ತಲೆಮಾರುಗಳಿಂದ ರಸಿಕರನ್ನು ಸಿದ್ಧಗೊಳಿಸುತ್ತ ಬಂದಿದ್ದಾರೆ. ಅಕ್ಷರವರಿಯದ ಮುದುಕಿಯೂ ಇರುಳೆಲ್ಲ ಕುಳಿತು ಮಹಾಕಾವ್ಯವೊಂದನ್ನು ಆಸ್ವಾದಿಸಬಲ್ಲ ಈ ಸೀಮೆಯಲ್ಲಿ ಮಗುವಿನ ಓದು ಕಿವಿಯಿಂದಲೇ ಆರಂಭವಾಗತಕ್ಕದ್ದೆಂಬುದು ನನ್ನ ದೃಢವಾದ ನಂಬಿಕೆ. ಆದಕಾರಣ ಈ ಕಾವ್ಯವನ್ನು ಕೇಳುವ ಬಗೆಯನ್ನೂ, ಕೇಳಿದುದನ್ನು ಪುಸ್ತಕಕ್ಕೆ ದಾಟಿಸುವ ಬಗೆಯನ್ನೂ ಹೊಸಬರಿಗೆ ಅರುಹಲು ಇಲ್ಲಿ ಯತ್ನಿಸಿದ್ದೇನೆ.

ಮಾದೇಶ್ವರನ ಕಾವ್ಯವು ಸಾಲುಗಳಾಗಿ ಹರಡಿಕೊಂಡಿದೆ: ಶ್ರವಣ ದೊರೆಯ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಮುಂತಾಗಿ. ಒಂದೊಂದು ಸಾಲೂ ತನ್ನಷ್ಟಕ್ಕೆ ತಾನೇ ಒಂದು ಕಥೆಯಾಗಿರುವುದರಿಂದ ಇಡಿಯ ಕಾವ್ಯವನ್ನು ಕೇಳಿಸಿಯೇ ತೀರುವೆನೆಂಬ ಹಠ ಬೇಡ; ಅರ್ಧ ಸಾಲಿಗೇ ಮಗು ಮಡಿಲಲ್ಲಿ ನಿದ್ದೆಹೋದರೂ ನಷ್ಟವಿಲ್ಲ. ಎಳೆಯರಿಗೆ ಶ್ರವಣನ ಸಾಲೇ ಮೊದಲಾಗಲಿ. ದೇವತೆಗಳನ್ನೇ ಸೆರೆಯಲ್ಲಿಟ್ಟ ಗರ್ವಿಷ್ಠನಾದ ದೊರೆಯೊಬ್ಬನು ಕತ್ತಿಗಲ್ಲ, ಮಾದಾರಿ ಹರಳಯ್ಯನ ಕೈಯಿಂದಾದ ಒಂದು ಜೊತೆ ಎಕ್ಕಡಕ್ಕೆ ಸೋಲುವನೆಂದರೆ ಯಾವ ಮಗು ತಾನೆ ಕಣ್ಣರಳಿಸದು? ಗಂಡನ ಸಂಶಯಕ್ಕೆ ಸಿಕ್ಕಿ ನರಳುವ ಸಂಕಮ್ಮನ ಸಾಲು ಎಷ್ಟೇ ಉತ್ಕೃಷ್ಟವಾದರೂ ಅದು ತುಸು ಬೆಳೆದವರ ಸೊತ್ತು.

ಮಗುವನ್ನು ಹಾಡುಗಾರರ ಕೈಗಳು ಕಾಣುವಷ್ಟು ಹತ್ತಿರ ಕೂರಿಸಬೇಕು. ಕಂಸಾಳೆಯೆಂದರೆ ಒಂದು ಕೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆಯ ತಟ್ಟೆ. ಮುಂದಾಳು ಕಥೆಯನ್ನು ಒಮ್ಮೆ ಹಾಡಿ, ಒಮ್ಮೆ ಮಾತಿನಲ್ಲಿ ಹೇಳಿ ನಡೆಸುತ್ತಿರಲು, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಮಾತು ಬಂದಾಗ ಕಥೆ ದಾಪುಗಾಲಿಡುತ್ತದೆ, ಹಾಡು ಮರಳಿದಾಗ ಒಂದೆಡೆ ನಿಂತು ಭಾವವನ್ನು ತುಂಬಿಕೊಳ್ಳುತ್ತದೆ. ಈ ಏರಿಳಿತವನ್ನು ಗುರುತಿಸಲು ಬಂದಿತೆಂದರೆ ರಸಿಕತೆಯ ಮೊದಲ ಮೆಟ್ಟಿಲು ಹತ್ತಿದಂತಾಯಿತು. ಒಂದೇ ನುಡಿ ಮರಳಿ ಮರಳಿ ಬರುವುದನ್ನು ಕಂಡು ಹೊಸಬರು ಬೇಸರಪಡುವುದುಂಟು. ಆದರೆ ಪುನರುಕ್ತಿಯೇ ಈ ಕಾವ್ಯದ ಪ್ರಾಣ. ಮುಂದೆ ಬರುವ ನುಡಿ ಯಾವುದೆಂದು ಊಹಿಸಿ, ಊಹೆ ಫಲಿಸಿದಾಗ ಹಿಗ್ಗುವ ಮಗುವಿನಲ್ಲಿ ಓದುಗನೊಬ್ಬನು ಆಗಲೇ ಹುಟ್ಟಿರುತ್ತಾನೆ. ಏಕೆಂದರೆ ಅಚ್ಚಿನ ಪುಟದ ಮೇಲೆ ಕಣ್ಣನ್ನು ಮುಂದಕ್ಕೆ ಸೆಳೆಯುವ ಶಕ್ತಿಯೂ ಇದೇ. ಶಿವರಾತ್ರಿ, ದೀಪಾವಳಿಗಳಲ್ಲಿ ಮಾದೇಶ್ವರನ ಬೆಟ್ಟವೂ, ಬನದ ಹುಣ್ಣಿಮೆಯಂದು ಚಂದ್ರಮಂಡಲ ಉರಿಯುವ ಚಿಕ್ಕಲ್ಲೂರೂ ಇಂಥ ಶ್ರವಣಕ್ಕೆ ಪ್ರಶಸ್ತವಾದ ಸ್ಥಳಗಳು.

ಇನ್ನು ಪುಸ್ತಕದ ಮಾತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿದೆ. ಜಾತ್ರೆಯಿಂದ ಮರಳಿದ ವಾರದಲ್ಲೇ ಅಲ್ಲಿ ಕೇಳಿದ ಸಾಲನ್ನೇ ತೆರೆದು ಗಟ್ಟಿಯಾಗಿ ಓದಿಹೇಳಬೇಕು. ಅದೂ ನಮ್ಮ ಸೀಮೆಯ ಆಡುನುಡಿಯಲ್ಲಿಯೇ, ಶಿಷ್ಟಗನ್ನಡಕ್ಕೆ ತಿದ್ದದೆ. ಕಥೆ ಬಿಗಿಯಾದ ಘಟ್ಟದಲ್ಲಿ ಓದನ್ನು ನಿಲ್ಲಿಸಿ, ಪುಸ್ತಕವನ್ನು ಮಗುವಿನ ಕೈಗೆಟಕುವಲ್ಲಿ ತೆರೆದೇ ಇಟ್ಟು ಅಡುಗೆಮನೆಗೆ ಎದ್ದುಹೋಗಬಹುದು. ಇದರಿಂದ ಯಾವ ನೀತಿ ಕಲಿತೆ ಎಂದು ಮಾತ್ರ ಎಂದಿಗೂ ಕೇಳಕೂಡದು. ಆ ಒಂದು ಪ್ರಶ್ನೆ ಕಥೆಯನ್ನು ಪಾಠವಾಗಿಸಿಬಿಡುತ್ತದೆ. ಪ್ರಾಸದ ನಾದಕ್ಕೆ ಒಗ್ಗಿದ ಕಿವಿಗೆ ಮುಂದೆ ಪಂಜೆ ಮಂಗೇಶರಾಯರ, ರಾಜರತ್ನಂ ಅವರ ಶಿಶುಗೀತೆಗಳು ಸುಲಭವಾಗಿ ಒಲಿಯುತ್ತವೆ. ಇಂಗ್ಲೆಂಡಿನ ಬ್ರೌನಿಂಗ್ ಕವಿಯ ಕಥನಕವನವನ್ನು ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಕನ್ನಡದ ಹಳ್ಳಿಗೆ ಕರೆತಂದುದು ಈ ನಾದದ ಬಲದಿಂದಲೇ.

ಯಳಂದೂರಿನ ಮಕ್ಕಳಿಗಂತೂ ಸಂಚಿಯ ಹೊನ್ನಮ್ಮನ ಹೆಸರು ಮನೆಮಗಳ ಹೆಸರಾಗಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಈ ಊರಿನ ಹೆಣ್ಣು, ಹಾಡಲು ಒದಗುವ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳೆಂಬ ವೃತ್ತಾಂತವನ್ನು ಹತ್ತು ವರ್ಷದ ಹುಡುಗಿಗೆ ಹೇಳಿದರೆ ಸಾಕು, ಸತೀಧರ್ಮವನ್ನು ವಿಸ್ತರಿಸುವ ಗ್ರಂಥವನ್ನು ಅವಳು ಬೆಳೆದ ಮೇಲೆ ತಾನೇ ಓದಿ, ಒಪ್ಪುವುದನ್ನು ಒಪ್ಪಲಿ, ವಾದಿಸುವುದನ್ನು ವಾದಿಸಲಿ. ಇದೇ ಸೀಮೆಯ ಕವಿ ಷಡಕ್ಷರಿಯ ಚಂಪೂಕಾವ್ಯಗಳು ಇನ್ನೂ ಪ್ರೌಢರಿಗೆ ಮೀಸಲು.

ಬಿಳಿಗಿರಿರಂಗನ ಬೆಟ್ಟದ, ಮಾದೇಶ್ವರನ ಬೆಟ್ಟದ ಸೋಲಿಗ ಮಕ್ಕಳ ವಿಷಯವೇ ಬೇರೆ. ಮನೆಯ ನುಡಿಗೂ ಪಠ್ಯದ ನುಡಿಗೂ ಅಂತರವಿರುವ ಆ ಮಕ್ಕಳಿಗೆ, ಅಜ್ಜಿ ಹೇಳಿದ ಕಾಡಿನ ಕಥೆಯನ್ನು ಅವಳ ಮಾತಿನಲ್ಲಿಯೇ ನೋಟುಪುಸ್ತಕದಲ್ಲಿ ಬರೆದುಕೊಟ್ಟರೆ ಅದೇ ಮೊದಲ ವಾಚಿಕೆಯಾದೀತು.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ನೀಡುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾಯಿತು. ಆದರೆ ಸದಸ್ಯತ್ವದ ಚೀಟಿಯೊಂದರಿಂದಲೇ ಮಗು ಓದಲಾರದು. ಆಗಾಗ್ಗೆ ಊರಿನ ಗುಡ್ಡರನ್ನೋ ನೀಲಗಾರರನ್ನೋ ಗ್ರಂಥಾಲಯಕ್ಕೇ ಬರಮಾಡಿಕೊಂಡು ಒಂದು ಸಾಲು ಹಾಡಿಸಿ, ಹಾಡು ಮುಗಿದೊಡನೆ ಅದೇ ಸಾಲಿನ ಪುಸ್ತಕವನ್ನು ಮಕ್ಕಳ ಕೈಗೆ ಕೊಟ್ಟು ನೋಡಬೇಕು. ಹಾಡಿದವರನ್ನು ಬರಿಯ ಹಾರದೊಡನೆ ಕಳುಹದೆ, ತಕ್ಕ ಸಂಭಾವನೆಯನ್ನು ಅಂದೇ ಅವರ ಕೈಯಲ್ಲಿಡತಕ್ಕದ್ದು.